ಮೊಣಕೈಗೆ ಹಚ್ಚಿದ ಬೆಲ್ಲ

"ಇದಕ್ಕೆ ಸಾಣೆ ಅಂತಾರೇನ್ರೀ? ಇದು ಬಟ್ಟೆ ಕತ್ತರಿಸ್ತಿಲ್ಲ, ಅಗೀತಿದೆ. ಕೆಲಸ ಬರಲ್ಲ ಅಂದ್ರೆ ಬೋರ್ಡು ಇಳಿಸಿ ಮನೆಗೆ ಹೋಗಿ. ಇನ್ನೊಬ್ಬರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ಹನ್ನೆರಡು ಅಂಗುಲದ ಕತ್ತರಿಯನ್ನು ಅವನ ಮೇಜಿನ ಮೇಲೆ ಕುಕ್ಕಿ ನಾನು ಹೀಗೆ ಕೂಗಾಡಿದೆ. ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಸಾಣೆಚಕ್ರದಿಂದ ಕಿಡಿ ಹಾರುತ್ತಿತ್ತು. ಅದರಾಚೆ ಒಂದು ಕನ್ನಡಕ, ಒಂದು ನರೆತ ಮೀಸೆ, ಅಷ್ಟೇ ಕಂಡದ್ದು.

ಅವನು ಸ್ವಿಚ್ ಆರಿಸಿದ. ಚಕ್ರ ತಾನಾಗಿ ನಿಲ್ಲುವವರೆಗೂ ಕಾದ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ. ಆಮೇಲೆ ನನ್ನ ಕತ್ತರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅಲಗಿನ ಉದ್ದಕ್ಕೂ ನೋಡಿದ. ಹೆಬ್ಬೆರಳ ಉಗುರನ್ನು ಅಂಚಿಗೆ ತಾಗಿಸಿ ಮೆಲ್ಲಗೆ ಎಳೆದ.

"ಬೈದಿದ್ದು ಮುಗೀತಾ ಮೇಡಂ? ಮುಗಿದಿದ್ರೆ ಒಂದು ಮಾತು. ಇದು ನನ್ನ ಸಾಣೆ ಅಲ್ಲ."

ನಿಜ. ಬೀದಿಯಲ್ಲಿ ಸೈಕಲ್ ತುಳಿದುಕೊಂಡು ಬರುವ ಯಾರದೋ ಕೈಗೆ ನಮ್ಮ ಮಾಲೀಕ ಅದನ್ನು ಕೊಟ್ಟಿದ್ದ, ನನಗೆ ಮೂಲೆ ಅಂಗಡಿಯಲ್ಲಿ ಮಾಡಿಸಿದೆ ಎಂದು ಸುಳ್ಳು ಹೇಳಿದ್ದ. ಅದು ಗೊತ್ತಾದದ್ದು ಮರುದಿನ. ಆದರೆ ಅವನು ಹೇಳಿದ ರೀತಿಗೇ ನನಗೆ ನಂಬಿಕೆ ಬಂದುಬಿಟ್ಟಿತು. ಬೈಗುಳ ವಾಪಸ್ ತೆಗೆದುಕೊಳ್ಳುವುದು ನನಗೆ ಬರುವುದಿಲ್ಲ, ಅಭ್ಯಾಸವಿಲ್ಲ ಎಂದೆ.

"ಇರಲಿ ಬಿಡಿ, ಇಟ್ಕೊಂಡಿರ್ತೀನಿ," ಎಂದ. "ಮುಂದೆ ಯಾವತ್ತಾದ್ರೂ ನಾನು ತಪ್ಪು ಮಾಡಿದಾಗ ಲೆಕ್ಕದಲ್ಲಿ ಮುರ್ಕೊಂಡ್ರಾಯ್ತು."

ನಗು ಬಂತು. ಬರಬಾರದಿತ್ತು.

ನಾನು ಕಟಿಂಗ್ ಕೆಲಸದವಳು. ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದೊಡ್ಡ ಮೇಜು ನನ್ನದಾಗಿತ್ತು. ಆಸ್ಪತ್ರೆಯವರ ಕೋಟು, ಶಾಲೆಯವರ ಚಡ್ಡಿ, ಕಾವಲುಗಾರರ ಅಂಗಿ, ಎಲ್ಲವೂ ಮೊದಲು ನನ್ನ ಕೈಯಲ್ಲಿ ತುಂಡಾಗಿ ಆಮೇಲೆ ಮಿಷನ್ನಿಗೆ ಹೋಗುತ್ತಿದ್ದವು. ಗೀಟು ಎಳೆದರೆ ಗೀಟಿನ ಮೇಲೇ ಕತ್ತರಿ. ಒಂದು ನೂಲು ಆಚೆ ಇಲ್ಲ, ಈಚೆ ಇಲ್ಲ. ಗಂಡ ಅನ್ನಿಸಿಕೊಂಡವನು ಮದುವೆಯಾದ ಮೂರನೇ ವರ್ಷಕ್ಕೆ ಬೇರೆ ಸಂಸಾರ ಹೂಡಿದ. ಅಂದಿನಿಂದ ನಾನೂ ಅಮ್ಮನೂ ಬದುಕಿದ್ದು ಈ ಬಲಗೈಯಿಂದ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನದೆಲ್ಲ ಈ ಕೈಯ ಮಾತು.

ಕತ್ತರಿ ನನಗೆ ಕೆಲಸ ಕಲಿಸಿದ ಮೇಷ್ಟ್ರದು. ಕಣ್ಣು ಮಂಜಾದಾಗ ನನಗೆ ಕೊಟ್ಟು ಎರಡು ಮಾತು ಹೇಳಿದ್ದರು. ಒಂದು, ಇದನ್ನು ಯಾರಿಗೂ ಕೊಡಬೇಡ, ಕಾಗದವನ್ನಂತೂ ಮುಟ್ಟಿಸಬೇಡ. ಎರಡು, ನಡುವಿನ ತಿರುಪಿಗೆ ನೀನು ಕೈ ಹಾಕಬೇಡ. ಅಂಚು ಕತ್ತರಿಸುವವನದು, ತಿರುಪು ಸಾಣೆಯವನದು. ನಮ್ಮ ಕಸುಬಿನಲ್ಲಿ ಎಲ್ಲರೂ ಇದನ್ನು ಪಾಲಿಸುತ್ತಾರೆ. ನಾನೂ ಪಾಲಿಸಿದೆ. ಸಾಣೆಯವನು ಎಷ್ಟು ಬಿಗಿ ಮಾಡಿದರೆ ಅಷ್ಟು, ಎಷ್ಟು ಸಡಿಲ ಬಿಟ್ಟರೆ ಅಷ್ಟು.

ಅವತ್ತು ಅವನು ಒಂದು ಗಂಟೆ ಕೂತು ಸಾಣೆ ಹಿಡಿದ. ಚಕ್ರದ ಮೇಲೆ ಸ್ವಲ್ಪವೇ, ಮಿಕ್ಕಿದ್ದೆಲ್ಲ ಎಣ್ಣೆಕಲ್ಲಿನ ಮೇಲೆ ಕೈಯಿಂದ. ಕೊನೆಗೆ ತೆಳು ಹತ್ತಿಬಟ್ಟೆಯೊಂದನ್ನು ನೀರಲ್ಲಿ ಅದ್ದಿ ನನ್ನ ಮುಂದೆ ಹಿಡಿದು, ಕತ್ತರಿಸಿ ಎಂದ. ಕತ್ತರಿಸಿದೆ. ತುದಿಯವರೆಗೂ ಹೋಯಿತು, ಶಬ್ದವೇ ಇಲ್ಲ.

"ಮಧ್ಯದಲ್ಲಿ ಎಲ್ಲಾ ಕತ್ತರಿನೂ ಕತ್ತರಿಸುತ್ತೆ ಮೇಡಂ. ತುದೀಲಿ ಕಚ್ಚಬೇಕು. ತುದೀಲಿ ಕಚ್ಚದೇ ಇರೋದು ಕತ್ತರಿ ಅಲ್ಲ, ಇಕ್ಕಳ."

ಆ ಸಾಣೆ ಐದು ತಿಂಗಳು ಬಂತು.

ಐದು ತಿಂಗಳ ಮೇಲೆ ಹೋದಾಗ ಅವನು ಕನ್ನಡಕದ ಮೇಲಿನಿಂದ ನೋಡಿದ. ಐದು ತಿಂಗಳಾಯಿತು ಎಂದ. ನಾನೇ ಲೆಕ್ಕ ಇಟ್ಟಿರಲಿಲ್ಲ, ಇವನಿಗೆ ಹೇಗೆ ನೆನಪಿದೆ ಎಂದುಕೊಂಡೆ. ಮೂಲೆಯಲ್ಲಿದ್ದ ಸ್ಟೂಲಿನ ಮೇಲಿನ ಕಬ್ಬಿಣದ ಪುಡಿ ಒರೆಸಿ, ಕೂತ್ಕೊಳ್ಳಿ ಎಂದ. ಎದುರಿನಿಂದ ಚಹಾ ತರಿಸಿದ. ಕತ್ತರಿಗಳ ಮಾತು, ಉಕ್ಕಿನ ಮಾತು, ಮದುವೆ ಮಾಡಿ ಕಳಿಸಿದ ಮಗಳ ಮಾತು. ಹೆಂಡತಿ ಹೋಗಿ ಆರು ವರ್ಷವಾಯಿತೆಂದು ಒಂದೇ ವಾಕ್ಯದಲ್ಲಿ ಹೇಳಿ, ಆ ವಾಕ್ಯದ ಮೇಲೆ ಚಕ್ರ ಚಾಲೂ ಮಾಡಿಬಿಟ್ಟ.

ಈ ಸಲ ಎರಡೇ ವಾರಕ್ಕೆ ಕತ್ತರಿ ಮೊಂಡಾಯಿತು. ಜಗಳ ಆಡಲೆಂದೇ ಹೋದೆ. ಅವನು ಅಲಗನ್ನು ತಿರುಗಿಸಿ ತಿರುಗಿಸಿ ನೋಡಿ, ತಲೆ ಎತ್ತದೆ ಹೇಳಿದ.

"ಉಕ್ಕು ದಣಿದಿದೆ ಮೇಡಂ. ಉಕ್ಕಿಗೂ ವಯಸ್ಸಾಗುತ್ತೆ."

ನನಗೆ ಆಗ ನಲವತ್ತೆರಡು. ಆ ಮಾತು ಎಲ್ಲೋ ನಾಟಿತು. ದಣಿದದ್ದನ್ನು ಬೈಯಲಾಗುತ್ತದೆಯೇ? ಇನ್ನು ಮೇಲೆ ಎರಡು ವಾರಕ್ಕೊಮ್ಮೆ ತರಬೇಕಾಗುತ್ತದೆ, ತಿರುಪನ್ನೂ ಸ್ವಲ್ಪ ಬಿಗಿಯಾಗಿಯೇ ಇಡಬೇಕಾಗುತ್ತದೆ, ಇಲ್ಲವಾದರೆ ಬಟ್ಟೆ ಅಲಗಿನ ನಡುವೆ ಮಡಚಿಕೊಳ್ಳುತ್ತದೆ ಎಂದ. ಹಾಗೇ ಆಗಲಿ ಎಂದೆ.

ಬುಧವಾರ ನಮಗೆ ಅರ್ಧ ದಿನ. ಬುಧವಾರ ಬಿಟ್ಟು ಬುಧವಾರ ಅವನ ಅಂಗಡಿ. ಎರಡು ವರ್ಷ.

ಸುಳ್ಳು ಯಾಕೆ ಹೇಳಲಿ, ಆ ಬುಧವಾರಗಳಿಗೆ ನಾನು ಕಾಯುತ್ತಿದ್ದೆ. ಕತ್ತರಿಯ ಅಂಚು ಮಸುಕಾಗತೊಡಗಿದರೆ ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಮೈಯಲ್ಲಿ ಏನೋ ಹಗುರ. ಬೆಳಿಗ್ಗೆ ತಲೆ ಬಾಚುವಾಗ ಎರಡು ಸಲ ಬಾಚುತ್ತಿದ್ದೆ. ಅಮ್ಮ ಬಾಗಿಲ ಬಳಿ ಕೂತು ಎಲ್ಲ ನೋಡುತ್ತಿದ್ದಳು. ಕತ್ತರಿಗೆ ಸಾಣೆ ಹಿಡಿಸೋಕೆ ಕತ್ತರಿ ಹೋದ್ರೆ ಸಾಲದಾ, ಜಡೆನೂ ಹೋಗಬೇಕಾ ಎಂದು ಕೇಳಿದ್ದಳು.

ಅವನಿಗೊಂದು ಅಭ್ಯಾಸ. ಸಾಣೆ ಮುಗಿಸಿ ಅಲಗನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮೊದಮೊದಲು ಅಲಗನ್ನು ಕಿಟಕಿಯ ಕಡೆ ಹಿಡಿಯುತ್ತಿದ್ದವನು ಬರುಬರುತ್ತಾ ನಾನು ಕೂತ ಸ್ಟೂಲಿನ ಕಡೆ ಹಿಡಿಯತೊಡಗಿದ. ಅಲಗಿನ ಆ ತುದಿಯಲ್ಲಿ ಅವನ ಕಣ್ಣು, ಈ ತುದಿಯಲ್ಲಿ ನಾನು. ಏನು ಕಾಣುತ್ತೆ ಅಲ್ಲಿ ಎಂದು ಒಮ್ಮೆ ಕೇಳಿದೆ. ನೇರ ಇದೆಯಾ ನೋಡ್ತಿದೀನಿ ಎಂದ. ಇದೆಯಾ ಎಂದೆ. ಅಲಗು ನೇರ ಇದೆ, ಆಚೆ ಇರೋದು ಸ್ವಲ್ಪ ಸೊಟ್ಟ, ಯಾವಾಗಲೂ ಸಿಡುಕು ಎಂದ. ನಾನು ನೆಲ ನೋಡಿದೆ. ಆ ವಯಸ್ಸಿನಲ್ಲಿ ನೆಲ ನೋಡುವುದು ನಾಚಿಕೆಗೇಡು. ಆದರೂ ನೋಡಿದೆ.

ಸಾಣೆಗೆ ದುಡ್ಡು ತೆಗೆದುಕೊಳ್ಳುವುದನ್ನು ಅವನು ಯಾವಾಗಲೋ ಬಿಟ್ಟಿದ್ದ. 'ನೀವು' ಎನ್ನುವುದನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಒಮ್ಮೆ ಅವನು ಚಹಾ ಲೋಟ ನೋಡುತ್ತಾ, ನನ್ನನ್ನು ಈಗ ನೀನು ಅನ್ನೋರೇ ಯಾರೂ ಉಳಿದಿಲ್ಲ ಎಂದಿದ್ದ. ಅದು ಅಪ್ಪಣೆಯೋ ಬೇಡಿಕೆಯೋ ಎಂದು ನಾನು ಒಂದು ವಾರ ಯೋಚಿಸಿದೆ. ಬಾಯಿ ಬರಲಿಲ್ಲ.

ಎರಡನೆಯ ವರ್ಷದ ಮೊದಲಲ್ಲಿ ಮೊಣಕೈ ಶುರುವಾಯಿತು.

ಮೊದಲು ನೋವೂ ಅಲ್ಲ, ಹೊರಮಗ್ಗುಲ ಮೂಳೆಯ ಹತ್ತಿರ ಒಂದು ಉರಿ. ಆಮೇಲೆ ಒದ್ದೆ ಬಟ್ಟೆ ಹಿಂಡಲು ಆಗದಾಯಿತು. ನೀರು ತುಂಬಿದ ಚೊಂಬು ಕೈ ಬಿಟ್ಟು ಬಿತ್ತು. ಬಾಗಿಲ ಗುಂಡು ಹಿಡಿ ತಿರುಗಿಸಿದರೆ ಸೂಜಿ ಚುಚ್ಚಿದಂತೆ. ಅಮ್ಮ ಎಣ್ಣೆ ತಿಕ್ಕಿದಳು, ಉಪ್ಪಿನ ಗಂಟು ಬಿಸಿ ಮಾಡಿ ಒತ್ತಿದಳು, ಶೀತಗಾಳಿ ಹೊಕ್ಕಿದೆ ಎಂದಳು. ನಾನು ಹಲ್ಲು ಕಚ್ಚಿ ಕತ್ತರಿಸುತ್ತಲೇ ಹೋದೆ. ಎಂಟು ತಿಂಗಳು. ಕೊನೆಗೊಂದು ದಿನ ಆರು ಪದರದ ದಪ್ಪ ಬಟ್ಟೆಯ ಮೇಲೆ ಕತ್ತರಿ ಗೀಟು ಬಿಟ್ಟು ಹೊರಗೆ ಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಮಾಲೀಕ ಬೈಯಲಿಲ್ಲ, ಅದೇ ಭಯವಾದದ್ದು. ಕರೆಂಟಿನ ಕಟಿಂಗ್ ಮಿಷನ್ನಿನ ಬಗ್ಗೆ ಯಾರಿಗೋ ಫೋನಿನಲ್ಲಿ ವಿಚಾರಿಸುತ್ತಿದ್ದ, ನನಗೆ ಕೇಳಿಸಲೆಂದೇ.

ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಸರಿಯಿದೆ ಎಂದು ಫಿಸಿಯೋ ಹತ್ತಿರ ಕಳಿಸಿದರು. ಫಿಸಿಯೋ ಎಂದರೆ ಪೆನ್ಸಿಲ್ ಕಡ್ಡಿಯಂತಹ ಹುಡುಗಿ, ತಲೆಗೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ಇವಳೇನು ನನ್ನ ಕೈ ನೋಡುತ್ತಾಳೆ ಎಂದುಕೊಂಡೆ. ಅವಳು ಮೊದಲು ಪ್ರಶ್ನೆ ಕೇಳಿದಳು. ಕಿರುಬೆರಳು ಜೋಮು ಹಿಡಿಯುತ್ತದೆಯೇ? ಇಲ್ಲ. ಹಾಗಾದರೆ ಒಳಮಗ್ಗುಲ ನರ ಒತ್ತಿಕೊಂಡಿಲ್ಲ ಎಂದಳು. ಮೊಣಕೈ ಊರಿ ಕೂರುವ ಕೆಲಸವೇ, ಹಿಂಬದಿಯ ತುದಿ ಮೊಟ್ಟೆಯಂತೆ ಊದಿದೆಯೇ? ಇಲ್ಲ. ಹಾಗಾದರೆ ಅಲ್ಲಿ ನೀರು ತುಂಬಿಲ್ಲ. ಆಮೇಲೆ ಹೊರಗಿನ ಮೂಳೆಯ ಗುಬುಟಿನ ಮೇಲೆ ಹೆಬ್ಬೆರಳು ಒತ್ತಿದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಳೆದ ಕೀಲಿಕೈ ಸಿಕ್ಕವಳಂತೆ, ಸಿಕ್ತು ಎಂದಳು.

"ಇದಕ್ಕೆ ಟೆನಿಸ್ ಎಲ್ಬೋ ಅಂತಾರೆ ಆಂಟಿ."

"ನಾನು ಟೆನಿಸ್ ಬ್ಯಾಟ್ ಕಣ್ಣಿಂದಲೂ ನೋಡಿಲ್ಲ ಕಣಮ್ಮ."

"ನೋಡದೇ ಇರೋರಿಗೇ ಜಾಸ್ತಿ ಬರೋದು."

ಬಡಗಿಗಳಿಗೆ, ಬಣ್ಣ ಬಳಿಯುವವರಿಗೆ, ಕೂದಲು ಕತ್ತರಿಸುವವರಿಗೆ ಬರುತ್ತದಂತೆ. ಮಣಿಕಟ್ಟನ್ನು ಎತ್ತುವ ಸ್ನಾಯುಗಳೆಲ್ಲ ಒಂದು ಹುರಿಯಾಗಿ ಆ ಗುಬುಟಿಗೆ ಕಟ್ಟಿಕೊಂಡಿರುತ್ತವೆ. ಏನನ್ನಾದರೂ ಬಿಗಿಯಾಗಿ ಹಿಡಿದು ಒಂದೇ ಕೆಲಸವನ್ನು ಸಾವಿರ ಸಲ ಮಾಡಿದರೆ ಹುರಿಯ ಎಳೆಗಳು ಸವೆಯುತ್ತವೆ, ಮಾಯಲು ಬಿಡುವು ಕೊಡದಿದ್ದರೆ ಹರಿಯುತ್ತವೆ. ಗಾಳಿಯೂ ಇಲ್ಲ, ಶೀತವೂ ಇಲ್ಲ. ಆಪರೇಷನ್ ಬೇಕೇ ಎಂದು ಕೇಳಿದೆ. ಬೇಕಾಗುವುದು ತೀರಾ ಕಡಿಮೆ, ಹೆಚ್ಚಿನವರಿಗೆ ವರ್ಷದೊಳಗೆ ತಾನಾಗಿ ಸರಿಹೋಗುತ್ತದೆ, ಆದರೆ ಹೇಳಿದಂತೆ ಕೇಳಬೇಕು ಎಂದಳು. ಇಂಜೆಕ್ಷನ್ ಹಾಕಿಬಿಡಿ, ನನಗೆ ಕೆಲಸವಿದೆ ಎಂದೆ. ಇಂಜೆಕ್ಷನ್ನಿಗೆ ನೋವು ತಿಂಗಳೆರಡು ತಿಂಗಳು ಮಲಗುತ್ತದೆ, ಎಷ್ಟೋ ಜನಕ್ಕೆ ಆಮೇಲೆ ಎದ್ದು ಕೂತು ಮೊದಲಿಗಿಂತ ಹೆಚ್ಚು ಹಟ ಮಾಡುತ್ತದೆ ಎಂದಳು.

ಮೂರು ವಾರ ಕತ್ತರಿ ಮುಟ್ಟುವಂತಿಲ್ಲ. ಮೊಣಕೈಯಿಂದ ಎರಡು ಬೆರಳು ಕೆಳಗೆ ಪಟ್ಟಿ ಕಟ್ಟಬೇಕು. ನೋವೆದ್ದಾಗ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಒತ್ತಬೇಕು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಅಂಗೈ ಕೆಳಮುಖ ಮಾಡಿ, ಮಣಿಕಟ್ಟನ್ನು ಎಡಗೈ ಸಹಾಯದಿಂದ ಎತ್ತಿ, ಬಲಗೈ ಒಂದರಿಂದಲೇ ನಿಧಾನವಾಗಿ ಇಳಿಸಬೇಕು. ಹದಿನೈದು ಸಲ, ದಿನಕ್ಕೆ ಮೂರು ಸುತ್ತು. ಸ್ವಲ್ಪ ನೋವಾದರೆ ಸರಿ, ಜಾಸ್ತಿಯಾದರೆ ನಿಲ್ಲಿಸಬೇಕು. ಮತ್ತೆ, ಮುಂದಿನ ಸಲ ಬರುವಾಗ ಕೈಯಲ್ಲಿ ಹಿಡಿಯುವ ಸಾಮಾನು ತರಬೇಕು.

ಮರುದಿನವೇ ಒಯ್ದೆ. ಅವಳು ಕತ್ತರಿಯನ್ನು ಬಿಚ್ಚಿ ಮುಚ್ಚಿ ನೋಡಿದಳು. ಎರಡೂ ಕೈ ಹಾಕಿದಳು.

"ಆಂಟಿ, ಎಷ್ಟು ಬಿಗಿ ಇದು. ದಿನಕ್ಕೆ ಎಷ್ಟು ಸಲ ಒತ್ತುತ್ತೀರಿ ಇದನ್ನ?"

ಸಿಟ್ಟು ಬಂತು. ಈ ಊರಿಗೇ ಒಳ್ಳೆಯ ಕೈ ಹಿಡಿದ ಸಾಣೆ ಇದು, ಹಳೆಯ ಉಕ್ಕಿಗೆ ಬಿಗಿ ಬೇಕು, ನಿನಗೇನು ಗೊತ್ತು ಎಂದೆ. ಅವಳು ವಾದಕ್ಕೆ ಬರಲಿಲ್ಲ. ವ್ಯಾಯಾಮ ಬರೆದಿದ್ದ ನನ್ನ ಚೀಟಿಯ ಕೆಳಗೆ ಇನ್ನೆರಡು ಸಾಲು ಬರೆದಳು: ತಿರುಪು ಸಡಿಲಿಸಿ. ಹಿಡಿ ದಪ್ಪ ಮಾಡಿಸಿ.

ಆ ಚೀಟಿಯನ್ನು ನಗುತ್ತಲೇ ಅವನ ಮೇಜಿನ ಮೇಲಿಟ್ಟೆ. ನಿಮ್ಮ ಕೆಲಸಕ್ಕೆ ತಪ್ಪು ಹುಡುಕೋರು ಹುಟ್ಟಿದ್ದಾರೆ, ನೋಡಿ ಎಂದೆ. ಅವನು ಓದಿದ. ಆಮೇಲೆ ನನ್ನ ಕೈಯ ಪಟ್ಟಿ ನೋಡಿದ. ನೋವಿನ ಸುದ್ದಿಯನ್ನು ನಾನು ಅವನಿಗೆ ಅದುವರೆಗೆ ಹೇಳಿರಲಿಲ್ಲ. ನಲವತ್ತು ದಾಟಿದವಳು ಗಂಡಸಿನೆದುರು ಕೈನೋವು ಕಾಲುನೋವು ಅನ್ನುವುದು ಚೆಂದವೇ ಎಂದು ಸೆರಗು ಮುಚ್ಚಿ ಕೂರುತ್ತಿದ್ದೆ.

"ಎಷ್ಟು ದಿನದಿಂದ?" ಎಂದ.

ವರ್ಷವಾಗುತ್ತಾ ಬಂತು ಎಂದೆ. ಅವನ ಮುಖದ ಬಣ್ಣ ಇಳಿಯಿತು. ನನ್ನ ನೋವಿಗೆ ಇಷ್ಟು ಮರುಗುವವನು ಒಬ್ಬನಿದ್ದಾನಲ್ಲ ಎಂದು ನನ್ನ ಎದೆ ತುಂಬಿತು. ಎಂಥ ಮಂಕು ನಾನು.

ಆ ದಿನ ಅವನು ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ. ಕತ್ತರಿಯನ್ನು ಪೂರ್ತಿ ಬಿಚ್ಚಿದ. ಎಣ್ಣೆಕಲ್ಲಿನ ಮೇಲೆ ಮಧ್ಯಾಹ್ನವೆಲ್ಲ ಉಜ್ಜಿದ. ಹಿಡಿಗಳಿಗೆ ಮೆತ್ತನೆಯ ಚರ್ಮ ಸುತ್ತಿ ಹೊಲಿದ. ತಿರುಪನ್ನು ಕೂಡಿಸಿ, ಸಡಿಲಿಸಿ, ಮತ್ತೆ ಕೂಡಿಸಿ, ಹತ್ತು ಸಲ ಪರೀಕ್ಷೆ ಮಾಡಿದ. ಕೊನೆಗೆ ಅಲಗನ್ನು ಬೆಳಕಿಗೆ ಹಿಡಿದಾಗ ನನ್ನ ಕಡೆ ಹಿಡಿಯಲಿಲ್ಲ, ಕಿಟಕಿಯ ಕಡೆ ಹಿಡಿದ.

ಆಮೇಲಿನ ಮೂರು ವಾರ ನನ್ನ ಜೀವಮಾನದ ಒಳ್ಳೆಯ ಮೂರು ವಾರ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ನಿಜ ನಿಜವೇ.

ರಜೆಯಲ್ಲಿದ್ದೆನಲ್ಲ, ದಿನಾ ಮಧ್ಯಾಹ್ನ ಅವನ ಅಂಗಡಿಗೆ ಹೋಗುತ್ತಿದ್ದೆ. ಸ್ಟೂಲಿನ ಜಾಗದಲ್ಲಿ ಕೈಯಿರುವ ಕುರ್ಚಿ ಬಂದಿತ್ತು. ಬಾಗಿಲ ಗುಂಡು ಹಿಡಿ ಹೋಗಿ, ಒತ್ತಿದರೆ ತೆರೆಯುವ ಉದ್ದ ಹಿಡಿ ಬಂದಿತ್ತು. ಚಹಾ ಲೋಟದಲ್ಲಿ ಅರ್ಧವೇ ಇರುತ್ತಿತ್ತು, ಭಾರವಾಗಬಾರದೆಂದು. ಅದು ಮುಗಿದ ಮೇಲೆ ಇನ್ನರ್ಧ. ಅವನು ಐಸನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಮೊಣಕೈಗೆ ಒತ್ತಿ, ಇನ್ನೊಂದು ಕೈಯಲ್ಲಿ ಗಡಿಯಾರ ಹಿಡಿದು ಕೂರುತ್ತಿದ್ದ. ನೀರು ಹನಿಹನಿಯಾಗಿ ನನ್ನ ಮಣಿಕಟ್ಟಿಗೆ ಇಳಿದು, ಅಲ್ಲಿಂದ ಅವನ ಬೆರಳಿಗೆ ಹೋಗುತ್ತಿತ್ತು.

ಬಾಟಲಿ ವ್ಯಾಯಾಮಕ್ಕೆ ಎಣಿಸುವವನು ಅವನೇ. ಒಂದು... ಎರಡು... ಎಂದು ಎಷ್ಟು ನಿಧಾನ ಎಣಿಸುತ್ತಿದ್ದನೆಂದರೆ ಹದಿನೈದು ಬರುವಷ್ಟರಲ್ಲಿ ಬೀದಿಯ ನೆರಳು ಗೋಡೆ ಬದಲಿಸುತ್ತಿತ್ತು. ಎಣಿಸೋಕೆ ಬರಲ್ವಾ ನಿಮಗೆ ಎಂದೆ. ನಿಧಾನ ಇಳಿಸಬೇಕು ಅಂತ ಚೀಟೀಲಿದೆ ಎಂದ. ಹನ್ನೊಂದಾದ ಮೇಲೆ ಮತ್ತೆ ಹತ್ತು ಅಂತಲೂ ಚೀಟೀಲಿದೆಯಾ ಎಂದೆ. ಸಿಕ್ಕಿಬಿದ್ದವನಂತೆ ನಕ್ಕ. ಆ ನಗು ನಡುವಲ್ಲಿ ಥಟ್ಟನೆ ನಿಂತಿತು. ಯಾಕೆಂದು ಆಗ ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮ ಸುಮ್ಮನಿರಲಿಲ್ಲ. "ಅವನು ಮದುವೆ ಗಿದುವೆ ಅಂತ ಬಾಯಿ ಬಿಟ್ಟನಾ?" ಎಂದು ಕೇಳಿದಳು. ಇಲ್ಲವೆಂದೆ. "ಮತ್ತೆ? ಎರಡು ವರ್ಷದಿಂದ ಮೊಣಕೈಗೆ ಬೆಲ್ಲ ಹಚ್ಚಿ ಕೂರಿಸಿದಾನೆ. ನೆಕ್ಕೋಕೂ ಆಗಲ್ಲ, ಒರೆಸೋಕೂ ಮನಸ್ಸಿಲ್ಲ ನಿಂಗೆ." ಅಮ್ಮನ ಬಾಯಿ ಕತ್ತರಿಗಿಂತ ಹರಿತ. ನಾನು ನಕ್ಕುಬಿಟ್ಟೆ. ಹೇಳುತ್ತಾನೆ, ಹೇಳಲು ಹೊರಟಿದ್ದಾನೆ, ನನಗೆ ಗೊತ್ತಾಗುತ್ತದೆ ಎಂದೆ. ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಿದ್ದುದು ನಿಜ.

ರಜೆ ಮುಗಿಸಿ ಕಾರ್ಖಾನೆಗೆ ಹೋದರೆ ನನ್ನ ಮೇಜಿನ ಮೇಲೆ ಕರೆಂಟಿನ ಮಿಷನ್ನು ಕೂತಿತ್ತು, ಅದರ ಹಿಂದೆ ಇಪ್ಪತ್ತಾರರ ಹುಡುಗನೊಬ್ಬ. ಮಾಲೀಕ ನನ್ನನ್ನು ಮೇಡಂ ಮೇಡಂ ಎಂದು ಕಿಟಕಿ ಪಕ್ಕದ ಸಣ್ಣ ಮೇಜಿಗೆ ಕರೆದೊಯ್ದ. ಅಳತೆ ತಪ್ಪಿದವು, ಒಂದೊಂದೇ ಬರುವ ಬಿಡಿ ಕೆಲಸಗಳು, ಕಾಲರಿನ ತುಂಡು, ಇನ್ನು ಅವು ನನ್ನವು. ಕೈ ಪೂರ್ತಿ ವಾಸಿಯಾದ ಮೇಲೆ ನೋಡೋಣ ಎಂದ. ಆ 'ನೋಡೋಣ' ಎಂಬುದರ ಅರ್ಥ ನನಗೆ ಗೊತ್ತು. ದೊಡ್ಡ ಮೇಜು ಒಮ್ಮೆ ಹೋದರೆ ಹೋಯಿತು. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು ಅತ್ತು ಬಂದು, ಕಾಲರ್ ಕತ್ತರಿಸತೊಡಗಿದೆ.

ಆಗಲೇ ದೊಡ್ಡದೊಂದು ಆರ್ಡರ್ ಬಂತು. ಬುಧವಾರದ ಅರ್ಧ ದಿನವೂ ಹೋಯಿತು. ನನ್ನ ಸಣ್ಣ ಮೇಜಿಗೂ ದಪ್ಪ ಬಟ್ಟೆ, ನಾಲ್ಕು ಪದರ, ಸಂಜೆಯವರೆಗೂ. ಗಂಟೆಗೊಮ್ಮೆ ನಿಲ್ಲಿಸಿ ಕೈ ಚಾಚುತ್ತಿದ್ದೆ, ಪಟ್ಟಿ ಬಿಗಿದುಕೊಳ್ಳುತ್ತಿದ್ದೆ. ಆಶ್ಚರ್ಯ, ನೋವು ದಿನೇ ದಿನೇ ಕಡಿಮೆಯಾಗುತ್ತಿತ್ತು. ಅವನ ಅಂಗಡಿಗೆ ಹೋಗದೆ ಎಂಟು ವಾರವಾಯಿತು. ನಾವಿದ್ದಲ್ಲಿಗೆ ಅವನು ಬರುವವನಲ್ಲ, ಅಷ್ಟು ಸಂಕೋಚ.

ಒಂಬತ್ತನೆಯ ವಾರ, ಬುಧವಾರ, ಆರ್ಡರ್ ಮುಗಿಯಿತು. ತಲೆ ಬಾಚಿಕೊಳ್ಳಬೇಕು, ಹೋಗಬೇಕು. ಆದರೆ ಏನೆಂದು ಹೋಗಲಿ? ಐಸಿನ ಕಾಲ ಮುಗಿದಿತ್ತು. ಬರೀ ಕೈಯಲ್ಲಿ ಹೋಗಿ, ನಿಮ್ಮನ್ನು ನೋಡಬೇಕೆನಿಸಿತು ಎನ್ನಲು ನಾನೇನು ಹದಿನೆಂಟರವಳೇ? ಕತ್ತರಿ ಮೊಂಡಾಗಿದೆ ಎಂದರಾಯಿತು ಎಂದುಕೊಂಡೆ. ಒಂದು ಸಣ್ಣ ಸುಳ್ಳು.

ಮೊಂಡಾಗಿರಲೂಬಹುದು ಎಂದು ಚೂರು ಹತ್ತಿಬಟ್ಟೆ ಒದ್ದೆ ಮಾಡಿ ಕತ್ತರಿಸಿ ನೋಡಿದೆ.

ತುದಿಯವರೆಗೂ ಹೋಯಿತು. ಶಬ್ದವೇ ಇಲ್ಲ.

ಪರವಾಗಿಲ್ಲ, ಆದರೂ ಮೊಂಡು ಅನ್ನುತ್ತೇನೆ, ಅವನು ಅಲಗು ನೋಡಿ ಉಕ್ಕು ದಣಿದಿದೆ ಅನ್ನುತ್ತಾನೆ ಎಂದು ನಗುತ್ತಾ ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲಲ್ಲೇ ನಿಂತೆ. ಒಂಬತ್ತು ವಾರ. ನಾಲ್ಕು ಪದರ. ಅದೇ ಕತ್ತರಿ. ದಣಿದ ಉಕ್ಕಿಗೆ ಮತ್ತೆ ಪ್ರಾಯ ಬರುತ್ತದೆಯೇ? ಮೊಂಡಾಗದ ಕತ್ತರಿಯನ್ನು ಮೊಂಡು ಎನ್ನಲು ಹೊರಟ ನನಗೆ, ಮೊಂಡಾಗುವಂತೆ ಸಾಣೆ ಹಿಡಿದವನ ಮನಸ್ಸು ಅರ್ಥವಾಗಲು ಎಷ್ಟು ಹೊತ್ತು ಬೇಕು?

ತಲೆ ಬಾಚಿಕೊಳ್ಳಲಿಲ್ಲ.

ಅವನು ನನ್ನನ್ನು ಕಂಡು ಎದ್ದು ನಿಂತ. ಕುರ್ಚಿ ಒರೆಸಿದ. ನಾನು ಕೂರಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟೆ, ಈ ಸಲ ಕುಕ್ಕಲಿಲ್ಲ.

"ಒಂಬತ್ತು ವಾರ ಆಯ್ತು. ಇನ್ನೂ ತುದೀಲಿ ಕಚ್ತಿದೆ," ಎಂದೆ.

ಅವನು ಕತ್ತರಿಯನ್ನು ಮುಟ್ಟಲಿಲ್ಲ.

"ಉಕ್ಕಿಗೇನೂ ಆಗಿರಲಿಲ್ಲ," ಎಂದ.

ಆಮೇಲೆ ಹೇಳಿದ, ಕೆಲಸದ ಮಾತು ಹೇಳುವ ದನಿಯಲ್ಲೇ. ಅಂಚನ್ನು ಬೇಕೆಂದೇ ತೀರಾ ತೆಳ್ಳಗೆ ಎಳೆಯುತ್ತಿದ್ದನಂತೆ. ಹಾಗೆ ಎಳೆದರೆ ಮೊದಲ ದಿನ ಕೂದಲನ್ನೂ ಸೀಳುತ್ತದೆ, ವಾರ ಕಳೆಯುವುದರೊಳಗೆ ಮಡಚಿಕೊಳ್ಳುತ್ತದೆ. ಅದು ಅಷ್ಟು ಬೇಗ ನನಗೆ ತಿಳಿಯದಿರಲೆಂದು ತಿರುಪು ಬಿಗಿ. ಬಿಗಿ ಇದ್ದರೆ ಮೊಂಡು ಅಲಗೂ ಕೆಲವು ದಿನ ಕತ್ತರಿಸುತ್ತದೆ, ಕೈಯ ಬಲದಿಂದ. ನನ್ನ ಕೈಯ ಬಲದಿಂದ.

"ಐದು ತಿಂಗಳು ನೀವು ಬರಲಿಲ್ಲ," ಎಂದ. "ಒಳ್ಳೆ ಸಾಣೆ ಹಿಡಿದಿದ್ದಕ್ಕೆ ಐದು ತಿಂಗಳು. ನನಗೆ ನೀವು ಬರಬೇಕಿತ್ತು. ಅಷ್ಟೇ. ಕೈ ಬಗ್ಗೆ ಯೋಚನೆನೇ ಬರಲಿಲ್ಲ. ದೇವರಾಣೆ, ಆ ಚೀಟಿ ನೋಡೋವರೆಗೂ ಗೊತ್ತಿರಲಿಲ್ಲ."

ಎರಡು ವರ್ಷ ಕಾದಿದ್ದ ಮಾತು ಅದು. ನನಗೆ ನೀವು ಬರಬೇಕಿತ್ತು. ಎಂಥ ಹೊತ್ತಿಗೆ ಬಂತು ನೋಡಿ. ಹಸಿದು ಹಸಿದು ಕೂತವಳ ಎಲೆಗೆ ಬಡಿಸಿದರು, ಬಡಿಸಿದ್ದರಲ್ಲಿ ಕಲ್ಲು.

ಚೀಟಿ ಓದಿದ ಮೇಲೂ ಮೂರು ವಾರ ಇತ್ತಲ್ಲ, ಐಸ್ ಒತ್ತುತ್ತಾ ಕೂತಿದ್ದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀವು ಎದ್ದು ಹೋಗ್ತಿದ್ರಿ."

"ಬೈಯ್ರಿ," ಎಂದ ಆಮೇಲೆ ಅವನೇ. "ಬೈದುಬಿಡಿ. ಸುಮ್ಮನೆ ನಿಲ್ಲಬೇಡಿ."

"ಮೊದಲನೇ ದಿನಾನೇ ಬೈದಾಗಿದೆ. ಮುರ್ಕೊಳ್ಳಿ."

ಅವನ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ಹತ್ತೊಂಬತ್ತು ವರ್ಷದ ಮೇಜು ಕಣ್ಣ ಮುಂದೆ ಬಂತು, ಗೀಟು ಬಿಟ್ಟು ಹೊರಗೆ ಹೋದ ಆ ಒಂದು ಕತ್ತರಿ ಏಟು ಬಂತು, ನಲ್ಲಿ ಬಿಟ್ಟು ಅತ್ತದ್ದು ಬಂತು. ಮತ್ತೆ, ಅದರ ಮೇಲೆಯೇ, ಕರವಸ್ತ್ರದಿಂದ ತೊಟ್ಟಿಕ್ಕುತ್ತಿದ್ದ ತಣ್ಣನೆಯ ನೀರೂ ಬಂತು. ಅದೇ ನನಗೆ ಹೇಸಿಗೆ ಹುಟ್ಟಿಸಿತು, ಅದೂ ಬಂದದ್ದು.

"ಒಂದು ಸಲ ಬಾ ಅಂದಿದ್ರೆ ಸಾಕಾಗಿತ್ತು," ಎಂದೆ. "ಕತ್ತರಿ ಬೇಕಿರಲಿಲ್ಲ. ಬರೀ ಕೈಯಲ್ಲಿ ಬರ್ತಿದ್ದೆ. ಆ ಕೈನೇ ತಿಂದುಬಿಟ್ಟೆಯಲ್ಲೋ ನೀನು."

ನೀನು. ಅವನಿಗೆ ಬೇಕಾಗಿದ್ದ ಮಾತು. ಅವನು ತಲೆ ಎತ್ತಿ ನನ್ನನ್ನು ನೋಡಿದ, ಅದು ಕೇಳಿಸಿತೆಂಬಂತೆ. ನಾನು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

"ಸಾಣೆ ಹೋದಾಗ ಬನ್ನಿ," ಎಂದ, ಮೇಜು ಹಿಡಿದುಕೊಂಡು. "ಬೇರೆಯವರ ಕೈಗೆ ಕೊಡಬೇಡಿ ಅದನ್ನ. ನನ್ನ ಮುಖ ನೋಡಬೇಡಿ ಬೇಕಾದ್ರೆ. ಕತ್ತರಿ ಇಟ್ಟು ಹೋಗಿ."

ಬಾಗಿಲಿಗೆ ಬಂದೆ. ಬಲಗೈಯಿಂದಲೇ ಹಿಡಿ ಒತ್ತಿದೆ. ಉದ್ದ ಹಿಡಿ, ನನಗಾಗಿ ಹಾಕಿಸಿದ್ದು. ಮೆತ್ತಗೆ ಇಳಿಯಿತು. ಮೊಣಕೈ ಒಂದಿಷ್ಟೂ ನೋಯಲಿಲ್ಲ. ಮೆಟ್ಟಿಲಿಳಿದು, ಬೀದಿ ದಾಟಿ, ಚಹಾ ಅಂಗಡಿಯ ಮುಂದೆ ಹಾದು, ಮೂಲೆ ತಿರುಗುವವರೆಗೂ ಹಿಂದೆ ಸಾಣೆಚಕ್ರದ ಸದ್ದು ಶುರುವಾಗುತ್ತದೋ ಎಂದು ಕಿವಿ ಕಾಯುತ್ತಿತ್ತು. ಶುರುವಾಗಲಿಲ್ಲ.

ಆಮೇಲೆ ಆ ಕತ್ತರಿ ಎರಡು ಸಲ ಮೊಂಡಾಗಿದೆ. ಎರಡು ಸಲವೂ ಬಸ್ ಹತ್ತಿ ಊರಿನ ಆ ತುದಿಗೆ ಹೋಗಿ ಸಾಣೆ ಹಿಡಿಸಿಕೊಂಡು ಬಂದಿದ್ದೇನೆ. ಅಲ್ಲಿಯವನು ಮಾತಾಡುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ತುದಿಯಲ್ಲಿ ಕಚ್ಚುವಂತೆ ಸಾಣೆ ಹಿಡಿಯಲು ಅವನಿಗೆ ಬರುವುದಿಲ್ಲ.